ಹದಿನೇಳು ತಲೆ

ಆ ಓಟದ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಬಾಲಕ್ಕ ಎಂದೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಹುದ್ದೆ. ಎಲ್ಲರೂ ಓಡುವಾಗ ಎಲ್ಲರಿಗಿಂತ ಹಿಂದೆ ಓಡುವವಳು ಅವಳು. ಯಾರಾದರೂ ಸುಸ್ತಾಗಿ ಕೂತರೆ ಪಕ್ಕದಲ್ಲಿ ಕೂರುವುದು, ಕುಂಟಿದರೆ ಹೆಗಲು ಕೊಡುವುದು, ಕೊನೆಗೆ ಮೈದಾನದ ಗೇಟು ದಾಟಿ ಬಂದು ತಲೆ ಎಣಿಸಿ "ಎಲ್ಲ ಬಂದ್ರು" ಅನ್ನುವುದು ಅವಳ ಕೆಲಸ. ಆ ಮಾತು ಅವಳ ಬಾಯಿಂದ ಬರುವತನಕ ಯಾರೂ ಚಹಾದ ಲೋಟ ಮುಟ್ಟುವಂತಿರಲಿಲ್ಲ. ಆರು ವರ್ಷದಿಂದ ಅವಳ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪುವುದಾದರೂ ಹೇಗೆ? ಹೊಟ್ಟೆಪಾಡಿಗೆ ಅವಳು ಮಾಡುತ್ತಿದ್ದುದು ಲಾಂಡ್ರಿಯ ಕೌಂಟರಿನಲ್ಲಿ ಬಟ್ಟೆ ಎಣಿಸುವ ಕೆಲಸ.

ವರ್ಷದ ಕೊನೆಯ ರಜೆ ಬಂತೆಂದರೆ ಕ್ಲಬ್ಬಿನವರಿಗೆ ಮಕ್ಕಳಾಟ ಶುರುವಾಗುತ್ತಿತ್ತು. ಒಂದು ಭಾನುವಾರ ಎಲ್ಲರೂ ಉಲ್ಟಾ ಓಡುವುದು, ಇನ್ನೊಂದು ಭಾನುವಾರ ಇಬ್ಬಿಬ್ಬರ ಕಾಲು ಕಟ್ಟಿ ಓಡುವುದು. ಕೊನೆಯ ಭಾನುವಾರದ್ದೇ ಚೀಲದ ಓಟ. ಬೇಕರಿ ಅಣ್ಣ ತನ್ನ ಅಂಗಡಿಯ ದೊಡ್ಡ ಕಾಗದದ ಚೀಲಗಳನ್ನು ವಾರ ಮೊದಲೇ ಹಂಚಿಬಿಡುತ್ತಿದ್ದ. ಅದಕ್ಕೆ ಕಣ್ಣಿನ ತೂತು ಕೊರೆದು, ಮನೆಯವರಿಗೂ ತೋರಿಸದೆ ಒಂದು ಮುಖ ಬರೆದು, ತಲೆಗೆ ಹಾಕಿಕೊಂಡು ಬರಬೇಕು. ಎಲ್ಲರ ಮೈಮೇಲೂ ಕ್ಲಬ್ಬಿನ ಅದೇ ನೀಲಿ ತುಂಬುತೋಳಿನ ಅಂಗಿ. ಓಟ ಮುಗಿದು ಯಾರು ಯಾರೆಂದು ಊಹಿಸುವತನಕ ತುಟಿಪಿಟಿಕ್ ಅನ್ನುವಂತಿಲ್ಲ. ಬಾಯಿಬಿಟ್ಟವರು ಎಲ್ಲರ ಪಾತ್ರೆ ತೊಳೆಯಬೇಕು. ದಾರಿಯುದ್ದಕ್ಕೂ ಮನೆಗಳವರು ಮೆಟ್ಟಿಲಿಗೆ, ಬಾಲ್ಕನಿಗೆ ಬಂದು ನಿಲ್ಲುತ್ತಿದ್ದರು. ಮಕ್ಕಳೂ ಚೀಲ ಹಾಕಿಕೊಂಡು ಕೈ ಬೀಸುತ್ತಿದ್ದವು. ಬಾಲಕ್ಕ ಮಾತ್ರ ಚೀಲ ಹಾಕುತ್ತಿರಲಿಲ್ಲ. ಹಿಂದೆ ಓಡುವವಳಿಗೆ ಎಲ್ಲರೂ ಕಾಣಬೇಕಲ್ಲ.

ಆ ವರ್ಷದ ಚೀಲದ ಓಟದ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಗೇಟಿನ ದೀಪ ಹಳದಿ ಚುಕ್ಕೆಯ ಹಾಗೆ ಕಾಣುತ್ತಿತ್ತು. ಕ್ಯಾಪ್ಟನ್ ಡ್ರಿಲ್ ಮೇಷ್ಟ್ರು ಕೈ ಉಜ್ಜಿಕೊಳ್ಳುತ್ತ ಗಡಿಯಾರ ನೋಡುತ್ತಿದ್ದರು. ಒಬ್ಬರು ಬಂದಿರಲಿಲ್ಲ.

"ಯಾರು ಬಂದಿಲ್ಲ ಅಂತ ಕೇಳೋ ಹಾಗೂ ಇಲ್ಲ," ಎಂದು ಮೇಷ್ಟ್ರು ನಕ್ಕರು. "ಮಾತಾಡೋ ಹಕ್ಕು ನನಗೆ, ಬಾಲಕ್ಕನಿಗೆ, ಈ ಬೇಕರಿಯವನಿಗೆ ಮಾತ್ರ."

"ಇನ್ಯಾರು, ನಮ್ಮ ಲಿಫ್ಟ್ ತಾತನೇ," ಎಂದ ಬೇಕರಿ ಅಣ್ಣ. ಚಹಾ, ಬನ್ನಿನ ಉಸ್ತುವಾರಿ ಅವನದಾದ್ದರಿಂದ ಅವನು ಓಡುತ್ತಿರಲಿಲ್ಲ. "ಹೋದ್ಸಲ ಶೂ ಮರೆತು ಚಪ್ಪಲೀಲಿ ಬಂದಿದ್ರು."

ಲಿಫ್ಟ್ ತಾತ ಮೂವತ್ತು ವರ್ಷ ಒಂದು ಆಫೀಸು ಕಟ್ಟಡದ ಲಿಫ್ಟಿನಲ್ಲಿ ಗುಂಡಿ ಒತ್ತಿ ನಿವೃತ್ತನಾದವನು. ಉದ್ದಕ್ಕೆ, ತೆಳ್ಳಗೆ, ಹೇಳದೆ ಕೇಳದೆ ಬಂದು ಹೇಳದೆ ಕೇಳದೆ ಹೋಗುವ ಮನುಷ್ಯ. ಹೆಂಡತಿ ತೀರಿಹೋದ ಮೇಲೆ ಕ್ಲಬ್ಬಿಗೆ ಸೇರಿದ್ದ. ಅವನ ಬಾಯಿಂದ ಹತ್ತು ಮಾತು ಒಟ್ಟಿಗೆ ಕೇಳಿದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಉದ್ದಕ್ಕೆ ತೆಳ್ಳಗಿನ ಆಕೃತಿಯೊಂದು ನಿಂತು ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿತ್ತು. ತಲೆಗೆ ಉಣ್ಣೆ ಟೋಪಿ, ಮೂಗಿನತನಕ ಮಫ್ಲರು.

"ಬಂದ್ರು ನೋಡಿ!" ಎಂದು ಬೇಕರಿ ಅಣ್ಣ ಓಡಿದ. "ಏನ್ ತಾತ, ಚೀಲಾನೂ ಇಲ್ಲ, ಅಂಗೀನೂ ಇಲ್ಲ! ಶ್, ಮಾತಾಡ್ಬೇಡಿ, ಮಾತಾಡಿದ್ರೆ ಪಾತ್ರೆ ಕಟ್ಟಿಟ್ಟದ್ದು." ಹೆಚ್ಚುವರಿ ಅಂಗಿಯನ್ನು ಸ್ವೆಟರಿನ ಮೇಲೆಯೇ ತೊಡಿಸಿ, ಬೆಕ್ಕಿನ ಮುಖ ಬರೆದ ಚೀಲವನ್ನು ತಲೆಗೆ ಇಳಿಸಿಬಿಟ್ಟ. ಬೆಕ್ಕು ಒಂದು ಗಳಿಗೆ ಅಲ್ಲಾಡದೆ ನಿಂತು, ಆಮೇಲೆ ತಲೆಯಾಡಿಸಿ ಗುಂಪಿಗೆ ಸೇರಿಕೊಂಡಿತು.

ಬಾಲಕ್ಕ ಎಣಿಸಿದಳು. ಹದಿನೇಳು. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಳು. ಮೇಷ್ಟ್ರು ಸೀಟಿ ಊದಿದರು.

ಓಟ ಮಜವಾಗಿಯೇ ಇತ್ತು. ಹಂದಿಮುಖದವರು ಕಂಬಕ್ಕೆ ಡಿಕ್ಕಿ ಹೊಡೆದು ಕಂಬಕ್ಕೇ ಕೈಮುಗಿದರು. ಬೆಕ್ಕು ಮಾತ್ರ ಎಲ್ಲರನ್ನೂ ಹಿಂದೆ ಹಾಕಿ ಹಾರುತ್ತಿತ್ತು. 'ತಾತ ಏನು ತಿಂದು ಬಂದಿದ್ದಾರೆ ಇವತ್ತು!' ಎಂದು ಬಾಲಕ್ಕನಿಗೇ ಆಶ್ಚರ್ಯ. ಕಾಲುವೆಯ ಪಕ್ಕದ ದಾರಿಯಲ್ಲಿ ಮೇಲಿನ ಬೀದಿಯಿಂದ ಇಳಿದುಬರುವ ಕಲ್ಲಿನ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲ ಮೇಲೆ ಗೂಬೆಯ ಚೀಲ ಹಾಕಿಕೊಂಡು ಯಾರೋ ಕೂತಿದ್ದರು. ಮೇಲೆ ದಪ್ಪ ಕಂದು ಸ್ವೆಟರು. ಅವಳನ್ನು ಕಂಡು ಕೈ ಮೇಲೆತ್ತಿ ಬೀಸಿದರು. ಯಾರದೋ ಮನೆಯ ಹಿರಿಯರು ಓಟ ನೋಡಲು ಬಂದಿದ್ದಾರೆ ಎಂದುಕೊಂಡು ಬಾಲಕ್ಕ ಇನ್ನೂ ಜೋರಾಗಿ ಕೈ ಬೀಸಿ, "ಥ್ಯಾಂಕ್ಸ್!" ಎಂದು ಕೂಗಿ ಮುಂದೆ ಓಡಿದಳು.

ಗೇಟು ದಾಟಿ ಎಣಿಸಿದಳು. ಹದಿನೇಳು. ಅಂಗೈ ನೋಡಿಕೊಂಡಳು. ಹದಿನೇಳು. ಅವಳ ಬುದ್ಧಿಯೇ ಹಾಗೆ, ಮತ್ತೊಮ್ಮೆ ಎಣಿಸಿದಳು.

"ಎಲ್ಲ ಬಂದ್ರು!"

ಕ್ಲಬ್ಬಿನ ಕೋಣೆಯಲ್ಲಿ ಹಬೆಯಾಡುತ್ತಿತ್ತು. ಒಂದು ಮೂಲೆಯಲ್ಲಿ ಹೈಜಂಪಿನ ಹಳೆಯ ಹಾಸಿಗೆಗಳು, ಇನ್ನೊಂದರಲ್ಲಿ ಬನ್ನಿನ ತಟ್ಟೆಗಳು. ಚೀಲದವರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತರು. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಊಹಿಸುವ ಆಟ ಮುಕ್ಕಾಲು ಗಂಟೆ ನಡೆಯಿತು. ಹಂದಿಯ ಚೀಲದಿಂದ ಆಸ್ಪತ್ರೆಯ ಸಿಸ್ಟರ್ ಹೊರಬಂದಾಗ ಬಿದ್ದುಬಿದ್ದು ನಕ್ಕರು. ಬಾಲಕ್ಕ ಕಿಟಕಿಕಟ್ಟೆಗೆ ಒರಗಿ ಚಹಾ ಕುಡಿಯುತ್ತ ನೋಡುತ್ತಿದ್ದಳು. ಒಂದು ಲೋಟ ಮುಗಿಸಿ ಇನ್ನೊಂದು ತೆಗೆದುಕೊಂಡಳು.

ಕೊನೆಗೆ ಉಳಿದದ್ದು ಬೆಕ್ಕು ಒಂದೇ.

"ಇದಕ್ಕೇನ್ರೀ ಊಹೆ!" ಎಂದರು ಮೇಷ್ಟ್ರು. "ಉಳಿದಿರೋರು ಒಬ್ಬರೇ. ಒಂದು, ಎರಡು, ಮೂರು!"

"ಲಿಫ್ಟ್ ತಾತ!" ಎಂದು ಇಡೀ ಕೋಣೆ ಕೂಗಿತು. ಬೇಕರಿ ಅಣ್ಣ ಚೀಲವನ್ನು ಎಳೆದು ತೆಗೆದ.

ಅಲ್ಲಿ ನಿಂತಿದ್ದವನು ಮೂವತ್ತೈದು ದಾಟದ ಒಬ್ಬ ಗಂಡಸು. ಬೆವೆತ ಮುಖದಲ್ಲಿ ನಾಚಿಕೆಯ ನಗು. ಅವನನ್ನು ಅಲ್ಲಿ ಯಾರೂ ಹಿಂದೆಂದೂ ನೋಡಿರಲಿಲ್ಲ.

ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಎತ್ತಿದ ಹಾಗೇ ನಿಂತವು.

"ನಾನು... ಮೀಟರ್ ರೀಡರ್," ಎಂದನವನು. "ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ನೋಡ್ತೀನಲ್ಲ, ಅದು. ರಜೆ ಅಂತ ಒಬ್ಬನೇ ಓಡೋಕೆ ಬಂದಿದ್ದೆ. ಇವ್ರು ಚೀಲ ಹಾಕ್ಬಿಟ್ರು. ಮಾತಾಡಿದ್ರೆ ಪಾತ್ರೆ ಅಂದ್ರು. ತಮಾಷೆಯಾಗಿದೆ ಅನ್ನಿಸ್ತು, ಸುಮ್ನಿದ್ದೆ." ಯಾರೂ ನಗದಿದ್ದುದನ್ನು ಕಂಡು ಅವನ ನಗು ಮಾಸಿತು. "ಯಾಕೆ? ಏನಾಯ್ತು?"

"ಹಂಗಾದ್ರೆ ತಾತ ಎಲ್ಲಿ?" ಎಂದರು ಸಿಸ್ಟರ್.

ಬಾಲಕ್ಕ ಅಂಗೈಯ ಹದಿನೇಳನ್ನು ನೋಡಿದಳು. ಲಾಂಡ್ರಿಯಲ್ಲಿ ಅವಳು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತಿತ್ತು: ಗಂಟಿನಲ್ಲಿ ಹತ್ತು ಬಟ್ಟೆ ಇದ್ದರೆ ಸಾಲದು, ಆ ಹತ್ತೂ ಅವರದೇನಾ ಅಂತ ಗುರುತು ನೋಡು, ಬೇರೆಯವರ ಷರಟು ಬಂದು ಸೇರಿದರೂ ಹತ್ತೇ ಆಗುತ್ತೆ. ತಾನು ಗುರುತು ನೋಡಿರಲಿಲ್ಲ. ಹದಿನೇಳು ಸಿಕ್ಕಿತು, ಸಾಕಾಗಿತ್ತು.

"ಇವತ್ತು ಬಂದೇ ಇಲ್ವೇನೋ," ಎಂದ ಬೇಕರಿ ಅಣ್ಣ. "ಮಲ್ಕೊಂಡಿರ್ಬೋದು. ಚಳಿ ನೋಡಿ."

ಮೇಷ್ಟ್ರು ಫೋನ್ ಹಚ್ಚಿದರು. ರಿಂಗಾಗುತ್ತಲೇ ಇತ್ತು. "ತಾತ ಓಡೋವಾಗ ಫೋನು ಮನೇಲೇ ಬಿಡ್ತಾರೆ," ಎಂದರು ಸಣ್ಣ ದನಿಯಲ್ಲಿ.

"ಮನೆ ಎಲ್ಲಿ ಅವರದು?" ಎಂದು ಕೇಳಿದವನು ಮೀಟರ್ ಓದುವವನು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ವರ್ಷ ಜೊತೆಗೆ ಓಡಿದವರು.

"ಕಾಲುವೆ ಮೇಲಿನ ಬೀದಿ," ಎಂದರು ಮೇಷ್ಟ್ರು ಕೊನೆಗೆ. "ತಡವಾದ್ರೆ ಇಲ್ಲಿಗೆ ಬರದೆ ಮೆಟ್ಟಿಲು ಇಳಿದು ದಾರೀಲೇ ಸೇರ್ಕೊಂಡುಬಿಡ್ತಾರೆ ಒಂದೊಂದ್ಸಲ."

ಮೆಟ್ಟಿಲು.

ಬಾಲಕ್ಕ ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟಳು. ಬೀಸಿದ ಆ ಕೈ ಕಣ್ಣಿಗೆ ಕಟ್ಟಿತು. ಕಂದು ಸ್ವೆಟರಿನ ತೋಳಿನ ತುದಿಯಲ್ಲಿ ನೀಲಿ ಪಟ್ಟಿಯೊಂದು ಇಣುಕುತ್ತಿತ್ತು. ಆ ನೀಲಿ ಅಂಗಿಗಳನ್ನು ತಿಂಗಳಿಗೊಮ್ಮೆ ಒಗೆಸಿ, ಇಸ್ತ್ರಿ ಮಾಡಿಸಿ, ಗುರುತು ಚೀಟಿ ಚುಚ್ಚುತ್ತಿದ್ದವಳೇ ಅವಳು. ಕಣ್ಣು ನೋಡಿತ್ತು. ತಲೆಯೊಳಗಿನ ಹದಿನೇಳು ಅದನ್ನು ಒಳಗೆ ಬಿಟ್ಟಿರಲಿಲ್ಲ. ತಾನು ಥ್ಯಾಂಕ್ಸ್ ಬೇರೆ ಹೇಳಿದ್ದಳು!

ಅವಳು ಓಡಿದಳು. ಆರು ವರ್ಷದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂದೆ. ಹಿಂದೆ ಬೂಟುಗಳ ಸದ್ದು ಕೇಳುತ್ತಿತ್ತು, ಮೇಷ್ಟ್ರು ಏನೋ ಕೂಗುತ್ತಿದ್ದರು, ಯಾವುದಕ್ಕೂ ಅವಳು ನಿಲ್ಲಲಿಲ್ಲ.

ಗೂಬೆ ಅಲ್ಲೇ ಕೂತಿತ್ತು. ಬೆನ್ನು ಗೋಡೆಗೆ ಒರಗಿತ್ತು, ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಕಾಗದದ ಮೇಲೆ ಬರೆದ ಎರಡು ದೊಡ್ಡ ಕಣ್ಣು ನೇರವಾಗಿ ಕಾಲುವೆಯ ನೀರನ್ನು ನೋಡುತ್ತಿದ್ದವು. ಬಲಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಚೀಲ ಅಲ್ಲಾಡುತ್ತಿರಲಿಲ್ಲ.

"ತಾತ," ಎಂದಳು. "ತಾತ?"

ಹಿಂದಿನವರು ಬಂದು ನಿಂತರು. ಚೀಲ ತೆಗೆಯಲು ಯಾರ ಕೈಯೂ ಮುಂದೆ ಬರಲಿಲ್ಲ. ಸಿಸ್ಟರ್ ಇನ್ನೂ ದಾರಿಯಲ್ಲಿದ್ದರು. ಬಾಲಕ್ಕ ಮಂಡಿಯೂರಿ, ಎರಡು ಕೈಯಿಂದ ಚೀಲದ ಅಂಚು ಹಿಡಿದು ಮೆಲ್ಲಗೆ ಮೇಲೆತ್ತಿದಳು. ನೀಲಿಗಟ್ಟಿದ ತುಟಿ. ಬಿಳಿ ಗಡ್ಡ. ಮುಚ್ಚಿದ ಕಣ್ಣು.

ಕಣ್ಣು ತೆರೆಯಿತು.

ಯಾರೋ ಹಿಂದೆ ಬಿಕ್ಕಿದರು. ಅದು ಮೇಷ್ಟ್ರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಿಸ್ಟರ್ ಬಂದವರೇ ನಾಡಿ ಹಿಡಿದು, "ನಿಂತ್ಕೊಂಡು ಏನ್ ನೋಡ್ತಿದೀರಾ? ಜಾಕೆಟ್ ಬಿಚ್ಚಿ! ಆಂಬುಲೆನ್ಸಿಗೆ ಫೋನ್ ಮಾಡಿ!" ಎಂದು ಗದರಿದರು. ಮೊದಲು ಬಿಚ್ಚಿ ಕೊಟ್ಟವನು ಮೀಟರ್ ಓದುವವನು. ನೀಲಿ ಅಂಗಿ, ಸ್ವೆಟರು, ಮಫ್ಲರು ಎಲ್ಲವನ್ನೂ ಹೊದಿಸಿ ಬನಿಯನ್ನಿನಲ್ಲಿ ನಡುಗುತ್ತ ನಿಂತ.

ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದರು. ಪಾದದ ಗಂಟು ಮುರಿದಿದೆ, ಮೈ ತೀರಾ ತಣ್ಣಗಾಗಿತ್ತು, ಇನ್ನೊಂದು ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಮಂಚದ ಸುತ್ತ ಕ್ಲಬ್ಬಿನವರು ನಿಂತಿದ್ದರು. ಅಚ್ಚರಿಯೆಂದರೆ ಮೊದಲು ಮಾತಾಡಿದವನು ತಾತನೇ.

"ಇಳಿಯೋವಾಗ ಕಣ್ಣಿನ ತೂತು ಪಕ್ಕಕ್ಕೆ ಸರಿದುಬಿಡ್ತು. ಮೆಟ್ಟಿಲು ಕಾಣಲಿಲ್ಲ. ನೀವೆಲ್ಲ ದಾಟಿ ಹೋದ್ರಿ. ಕೂಗ್ಬೇಕು ಅಂತಿದ್ದೆ..." ಸಂಕೋಚದಿಂದ ನಿಲ್ಲಿಸಿದ. "ಪಾತ್ರೆ ನೆನಪಾಯ್ತು."

ಬೇಕರಿ ಅಣ್ಣ ತಲೆ ಮೇಲೆ ಕೈ ಹೊತ್ತು ಗೋಡೆಯ ಕಡೆ ತಿರುಗಿಬಿಟ್ಟ.

"ಆಮೇಲೆ ಈ ಹುಡುಗಿ ಬಂದ್ಲು," ಎಂದ ತಾತ ಬಾಲಕ್ಕನ ಕಡೆ ಗಲ್ಲ ಎತ್ತಿ. "ಕೈ ಬೀಸಿದೆ. ಇವಳೂ ಬೀಸಿದ್ಲು. ಸರಿ, ನೋಡಿದಾಳೆ, ಜನ ಕರ್ಕೊಂಡು ಬರ್ತಾಳೆ ಅಂತ ಧೈರ್ಯವಾಗಿ ಕೂತ್ಕೊಂಡೆ. ಆಮೇಲೆ ಕೂಗೋ ಗೋಜಿಗೇ ಹೋಗ್ಲಿಲ್ಲ. ಹೊತ್ತಾದ್ರೂ ಬಂದ್ಲು ನೋಡಿ. ಬರ್ತಾಳೆ ಅಂತ ಗೊತ್ತಿತ್ತು."

ಎಲ್ಲರ ಮುಖವೂ ಬಾಲಕ್ಕನ ಕಡೆ ತಿರುಗಿತು. ಮೇಷ್ಟ್ರ ಕಣ್ಣು ಏನೋ ಹೇಳುತ್ತಿತ್ತು: ಹೂಂ ಅಂದುಬಿಡು, ಮುದುಕ ನೆಮ್ಮದಿಯಾಗಿರಲಿ. ಬಾಯಿಬಿಟ್ಟೂ ಹೇಳಿದರು: "ನಮ್ಮ ಬಾಲಕ್ಕ ಅಂದ್ರೆ ಸುಮ್ನೇನಾ? ಅವಳೇ ಮೊದಲು ಓಡಿದ್ದು."

ಸುಳ್ಳೇನೂ ಅಲ್ಲ. ಮೊದಲು ಓಡಿದ್ದು ಅವಳೇ. ಇಷ್ಟಕ್ಕೆ ತಲೆಯಾಡಿಸಿದರೆ ಮುಗಿಯುತ್ತಿತ್ತು. ಮುಂದಿನ ಭಾನುವಾರವೂ ಅವಳು ಹಿಂದೆ ಓಡುತ್ತಾಳೆ, ಗೇಟು ದಾಟಿ ಎಲ್ಲ ಬಂದ್ರು ಅನ್ನುತ್ತಾಳೆ, ಎಲ್ಲರೂ ನಂಬಿ ಲೋಟ ಎತ್ತುತ್ತಾರೆ.

"ಇಲ್ಲ ತಾತ," ಎಂದಳು. "ನಾನು ಜನ ಕರೆಯೋಕೆ ಹೋಗಿರಲಿಲ್ಲ. ನಿಮ್ಮನ್ನ ನೋಡಿದೆ. ಯಾರೋ ಓಟ ನೋಡೋಕೆ ಕೂತಿದಾರೆ ಅಂದ್ಕೊಂಡೆ. ನಮ್ಮ ಹದಿನೇಳು ಜನ ಮುಂದೆ ಹೋಗಿಯಾಗಿತ್ತು. ಹೋಗಿ ಎಣಿಸಿದೆ, ಸರಿ ಬಂತು. ಎಲ್ಲ ಬಂದ್ರು ಅಂತ ಹೇಳಿ ಚಹಾ ಕುಡೀತಾ ನಿಂತಿದ್ದೆ. ನೀವಿಲ್ಲ ಅಂತ ನನಗೆ ಅನ್ನಿಸ್ಲೇ ಇಲ್ಲ. ಯಾರಿಗೂ ಅನ್ನಿಸ್ಲಿಲ್ಲ."

"ಅಯ್ಯೋ, ಈಗ್ಯಾಕೆ ಅದೆಲ್ಲ," ಎಂದು ಸಿಸ್ಟರ್ ಅವಳ ತೋಳು ಹಿಡಿದರು.

ತಾತ ಲಿಫ್ಟಿನಲ್ಲಿ ನಿಂತವನ ಹಾಗೆ ಎದುರಿನ ಗೋಡೆಯನ್ನೇ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಬಹಳ ದೊಡ್ಡ ಸದ್ದು ಮಾಡಿದಾಗ ಆಗುವಂಥ ಬೆರಗು ಇತ್ತು, ಅಷ್ಟೆ. ಬಾಲಕ್ಕ ಕಾದಳು. ಬೈದರೂ ಸರಿ, ಹೊರಗೆ ಹೋಗೆಂದರೂ ಸರಿ.

ಆಮೇಲೆ ಅವನು ಅವಳ ಕಡೆ ತಿರುಗಿದ.

"ಎಷ್ಟು ಲೋಟ ಕುಡಿದೆ?" ಎಂದು ಕೇಳಿದ.

"ಎರಡನೇದು ಅರ್ಧಕ್ಕೆ ಬಂದಿತ್ತು," ಎಂದಳು.

ತಾತ ಆ ಹೊತ್ತನ್ನು ಲೆಕ್ಕ ಹಾಕುವವನ ಹಾಗೆ ಹೂಂ ಅಂದ. ಅಷ್ಟು ಅಂದು, ಕಣ್ಣು ಮುಚ್ಚದೆ, ಅವಳನ್ನೇ ನೋಡುತ್ತ ಮಲಗಿದ.