ಬಾತುಕೋಳಿಯ ಉತ್ತರ

ನಮ್ಮ ಶಾಲೆಯ ಹಿರಿಯ ಸೈಕಾಲಜಿಸ್ಟ್‌ಗೆ ನಾನಿಟ್ಟ ಹೆಸರು ಬೃಹಸ್ಪತಿ. ಎದುರಿಗೆ ಸರ್ ಅಂತಲೇ ಕರೆಯುತ್ತೇನೆ, ಏನು ಮಾಡಲಿ, ನಾನೂ ಸೈಕಾಲಜಿಸ್ಟೇ ಆದರೂ ಅವರ ಕೈಕೆಳಗಿನವಳು. ಗೋಡೆ ತುಂಬ ಸರ್ಟಿಫಿಕೇಟು, ಬಾಯಿ ತುಂಬ ತನ್ನದೇ ಹೊಗಳಿಕೆ. ಮಗು ಬಾಗಿಲು ದಾಟಿ ಬರುವಷ್ಟರಲ್ಲೇ ಅದು ಜಾಣೋ ದಡ್ಡೋ ಇವರಿಗೆ ಗೊತ್ತಾಗಿಬಿಡುತ್ತದಂತೆ. ಆಮೇಲಿನ ಪರೀಕ್ಷೆ ಬರೀ ಶಾಸ್ತ್ರಕ್ಕೆ.

ಮೊನ್ನೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಬುದ್ಧಿ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದರೆ ಮಗಳನ್ನು ನೇರ ನಾಲ್ಕನೇ ಕ್ಲಾಸಿಗೆ ಹಾಕಿ ಅಂತ ಅವಳ ಅಮ್ಮನ ಒತ್ತಾಯ. ಹುಡುಗಿ ಫ್ರಾಕಿನ ಕಾಲರನ್ನು ಕಚ್ಚಿ ಕಚ್ಚಿ ಒದ್ದೆ ಮಾಡಿಕೊಂಡಿದ್ದಳು. "ಆ ಕಣ್ಣಿನ ಹೊಳಪು ನೋಡ್ರೀ!" ಅಂದರು ಬೃಹಸ್ಪತಿ. ನನಗೆ ಕಂಡಿದ್ದು ಒದ್ದೆ ಕಾಲರು.

ನಾನು ಪಕ್ಕದಲ್ಲಿ ಕೂತು ಪರೀಕ್ಷೆಯ ಸಾಮಾನು ಎತ್ತಿಕೊಡುತ್ತಿದ್ದೆ. ನೋಡಿ ಜೋಡಿಸಬೇಕಾದ ಚಿತ್ರ ತೋರಿಸುವ ಮೊದಲೇ ಹುಡುಗಿ ಬಣ್ಣದ ತುಂಡುಗಳನ್ನು ಜೋಡಿಸತೊಡಗಿದಳು. ಬೃಹಸ್ಪತಿ ತಲೆದೂಗಿದರು. ಆಮೇಲೆ, ಎರಡು ವಸ್ತುಗಳಿಗೆ ಏನು ಹೋಲಿಕೆ ಅಂತ ಕೇಳುವ ಭಾಗ. ಒಂದು ಕಣ್ಣು ಫೋನಿನ ಮೇಲಿಟ್ಟು ಪುಟ ತಿರುಗಿಸಿದ ಪುಣ್ಯಾತ್ಮ 'ದೋಣಿ, ಬಾತುಕೋಳಿ' ಅನ್ನುವ ಪ್ರಶ್ನೆಯನ್ನೇ ಹಾರಿಸಿ, ಮುಂದಿನ 'ಕತ್ತರಿ, ಚಾಕು' ಕೇಳಿದರು.

"ಎರಡೂ ನೀರಲ್ಲಿ ತೇಲುತ್ತೆ," ಅಂದಳು ಹುಡುಗಿ, ಒಂದೇ ಉಸಿರಿಗೆ.

ಅಯ್ಯೋ ದೇವರೇ, ಕತ್ತರಿ ತೇಲುತ್ತದಾ! ಹಾರಿಹೋದ ಪ್ರಶ್ನೆಯ ಉತ್ತರ ಅದು. ಮಗು ಎಲ್ಲವನ್ನೂ ಸಾಲಾಗಿ ಬಾಯಿಪಾಠ ಮಾಡಿಕೊಂಡು ಬಂದಿದೆ ಅನ್ನುವುದಕ್ಕೆ ಇನ್ನೇನು ಬೇಕು? ಬೃಹಸ್ಪತಿ ಮಾತ್ರ "ಆಹಾ, ಎಂಥ ಕಲ್ಪನೆ!" ಅಂತ ಪೂರ್ತಿ ಅಂಕ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸಾಮಿ.

ಹುಡುಗಿ ಹೋದಮೇಲೆ ನನಗೆ ತಡೆಯಲಾಗಲಿಲ್ಲ. ಬಾತುಕೋಳಿಯ ವಿಷಯ ಬಿಡಿಸಿ ಹೇಳಿದೆ.

"ನಿಮಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ ಕಣ್ರೀ," ಅಂದರು.

"ಸರ್, ಇವಳಿಗೆ ತೀರಾ ಕಮ್ಮಿ ಅಂಕ ಬಂದಿದ್ರೆ ಇನ್ನೊಂದ್ಸಲ ನೋಡ್ತಿದ್ರಾ?"

"ನೋಡ್ದೇ ಇರ್ತೀನಾ? ಮಗುವಿನ ಭವಿಷ್ಯ ಅಲ್ವಾ?"

"ಹೆಚ್ಚು ಬಂದ್ರೆ?"

"ಹೆಚ್ಚು ಬಂದ್ರೆ ಯಾಕ್ರೀ ನೋಡ್ಬೇಕು?"

ಇಷ್ಟು ವರ್ಷ ಇದೇ ಕುರ್ಚಿಯಲ್ಲಿ ಕೂತು ಇವರು ಕಲಿತಿದ್ದು ಇದು. ಥೂ! ಹಾಳಾದ ನಾಲ್ಕನೇ ಕ್ಲಾಸಿನಲ್ಲಿ ಈ ಮಗು ಮುಳುಗಿಹೋದರೆ ಇವರಿಗೇನು ಹೋಗಬೇಕು? ಕಾಡಿ ಬೇಡಿ, ಬೇರೊಂದು ಪರೀಕ್ಷೆ ಮಾಡಲು ಒಪ್ಪಿಸಿದೆ.

ಮಾರನೇ ದಿನ ತಾಯಿ ಮಗಳು ಬಂದರು. ಬೃಹಸ್ಪತಿ ಎದುರಿಗೇ ಕೂತಿದ್ದರು. ನಾನು ಹೊಸ ಪರೀಕ್ಷೆಯ ಪೆಟ್ಟಿಗೆ ತೆರೆದಾಗ ಅಮ್ಮ ಇನ್ನೂ ಕೋಣೆಯಲ್ಲೇ ಇದ್ದರು. ಹುಡುಗಿ ಒಳಗೆ ಬಗ್ಗಿ ನೋಡಿದಳು. ಮುಖ ಚಿಕ್ಕದಾಯಿತು.

"ಅಮ್ಮಾ, ಇದು ನಮ್ಮನೇಲಿರೋದಲ್ಲ."

ಅಮ್ಮ ಕೆಂಪಾದರು. "ಆ ಪೆಟ್ಟಿಗೆ ಟ್ಯೂಷನ್ ಮೇಡಂ ಕೊಟ್ರು. ಎಲ್ಲಾರೂ ಓದಿಸ್ತಾರೆ, ನಾನೂ ಓದಿಸ್ದೆ." ಇವರೂ ಬೃಹಸ್ಪತಿಯಂಥದೇ ಗಿರಾಕಿ ಅಂತ ನನಗೆ ಮೈಯೆಲ್ಲ ಉರಿಯಿತು. ಸದ್ಯ, ಇನ್ನಾದರೂ ಬೃಹಸ್ಪತಿಯ ಕಣ್ಣು ತೆರೆಯಿತಲ್ಲ ಅಂದುಕೊಂಡೆ.

"ಇಡೀ ಪರೀಕ್ಷೆ ಬಾಯಿಪಾಠನಾ!" ಅವರು ಮೇಜು ಕುಟ್ಟಿದರು. "ಏನು ಜ್ಞಾಪಕಶಕ್ತಿ ಕಣ್ರೀ ಇದು! ನಾನು ಹೇಳ್ಲಿಲ್ವಾ?"

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಮುಖದ ಮುಂದೆ ಹಿಡಿದರೆ ಅದನ್ನು ಬಾಲ ಅಂತಾರೆ.

"ಸರ್, ಏನು ಕಂಡ್ರೆ ನಿಮ್ಮದು ತಪ್ಪು ಅಂತ ಒಪ್ಕೊಳ್ತೀರಿ?" ಅಂತ ಕೇಳಿಯೇಬಿಟ್ಟೆ.

"ನನ್ನದು ತಪ್ಪಾದಾಗ ನೋಡೋಣ," ಅಂತ ನಾಲ್ಕನೇ ಕ್ಲಾಸಿನ ಶಿಫಾರಸಿಗೆ ಸಹಿ ಹಾಕಲು ಪೆನ್ನು ತೆಗೆದರು.

ಹುಡುಗಿ ಅಮ್ಮನ ಕೈ ಜಗ್ಗಿದಳು. "ಅಮ್ಮಾ, ನಾಲ್ಕನೇ ಕ್ಲಾಸಿನ ಉತ್ತರ ಎಲ್ಲಾ ಯಾರ ಹತ್ರ ಇದೆ?"

ಬೃಹಸ್ಪತಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮಾಷೆ ಮಾಡೋಕೂ ಬರುತ್ತೆ ನೋಡಿ!"

ಅಮ್ಮ ನಗಲಿಲ್ಲ. ಬಗ್ಗಿ, ಮಗಳ ಬಾಯಿಂದ ಕಾಲರನ್ನು ಮೆಲ್ಲಗೆ ಬಿಡಿಸಿದರು. ಆ ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದರು.

"ಬೇಡ ಸರ್. ಅವಳ ಕ್ಲಾಸಲ್ಲೇ ಇರ್ಲಿ."

ಬೃಹಸ್ಪತಿಯ ಪೆನ್ನು ನಿಂತಿತು. "ಏನಮ್ಮಾ ಇದು, ಇಂಥ ಅವಕಾಶಾನಾ? ದುಡುಕ್ಬೇಡಿ, ಸ್ವಲ್ಪ ಯೋಚ್ನೆ ಮಾಡಿ ಹೇಳಿ."

"ಈಗ ತಾನೇ ಮಾಡ್ದೆ ಸರ್," ಅಂದರು ಅಮ್ಮ.