ಬಿಗಿಯಾದ ಬಳೆ

ಗ್ರೆಟ್ಟಾ ಬಾಯಮ್ಮನಿಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಆದರೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ, ಯಾಕೆಂದರೆ ಕೇಳಿದವಳು ಅವಳೇ. ಬೆಳುವಾಯಿಯ ಆ ಮನೆಯಲ್ಲಿ ಸಂಜೆಯ ಜಪಸರ, ಅವರ ಕೊಂಕಣಿ ಮಾತಿನ ತೇರ್ಸ್, ಎಂದೂ ತಪ್ಪಿದ್ದಿಲ್ಲ. 'ಸ್ವಾಮೀ, ನಮ್ಮ ಕುಟುಂಬಗಳಿಂದ ಮಕ್ಕಳನ್ನು ನಿನ್ನ ಸೇವೆಗೆ ಕರೆದುಕೋ' ಎಂಬ ಕೊನೆಯ ಪ್ರಾರ್ಥನೆಯನ್ನು ಅವಳು ಆಚೆ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವವಳು. ಕುಟುಂಬಗಳು ಅಂದರೆ ಇಗರ್ಜಿಗೆ ಪೂಜೆಗೆ ಬರುವ ಉಳಿದ ಕುಟುಂಬಗಳು ಎಂದು ದೇವರಿಗೆ ಬಿಡಿಸಿ ಹೇಳಬೇಕೇ? ಅಷ್ಟೂ ತಿಳಿಯದವನೇ ಅವನು?

ಅವನು ವೆನಿಷಾಳನ್ನು ಕರೆದುಬಿಟ್ಟ. ಒಬ್ಬಳೇ ಮಗಳು, ನರ್ಸಿಂಗ್ ಮುಗಿಸಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿದವಳು. ವೀಸಾ ಬರುವವರೆಗೆ ಸುಮ್ಮನೆ ಕೂರುವುದೇಕೆಂದು ಬೆಳ್ತಂಗಡಿ ಕಡೆ ಸನ್ಯಾಸಿನಿ ಸಿಸ್ಟರುಗಳು ನಡೆಸುವ ಆಶ್ರಮಕ್ಕೆ ಹೋದಳು. ಹಾಸಿಗೆ ಹಿಡಿದು ಮನೆಯವರಿಗೆ ಬೇಡವಾದವರನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ವೀಸಾ ಬಂತು, ಹುಡುಗಿ ಬರಲಿಲ್ಲ. ಕೊನೆಗೆ ಬಂದವಳು ತಾನೂ ಸಿಸ್ಟರ್ ಆಗುತ್ತೇನೆಂದಳು.

ಕುವೈತಿನಲ್ಲಿದ್ದ ಗಂಡ ಫೋನಿನಲ್ಲಿ ಅತ್ತ, ದೇವರ ಚಿತ್ತ ಎಂದ, ಮತ್ತೆ ಅತ್ತ. ಇಗರ್ಜಿಯಲ್ಲಿ ಸಿಕ್ಕಿದವರೆಲ್ಲ ಕೈಹಿಡಿದು "ನೀವು ಭಾಗ್ಯವಂತರು" ಎಂದರು. ಗ್ರೆಟ್ಟಾ ನಕ್ಕಳು. ನಕ್ಕು ನಕ್ಕು ದವಡೆ ನೋಯತೊಡಗಿತು. ತನಗಾಗುತ್ತಿರುವುದು ಸಂತೋಷವೋ ಸಂಕಟವೋ ಅವಳಿಗೇ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಹೆಮ್ಮೆಯಿಂದ ಎದ್ದವಳು ಮಧ್ಯಾಹ್ನ ಮೀನು ಕೊಯ್ಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಗಳು ಹೊರಡುವ ಹಿಂದಿನ ದಿನ ಆಚೆ ಮನೆಯ ಅನಂತಮತಿಯಮ್ಮ ಬಂದರು. ಜೈನರ ಹಿರಿಯ ಹೆಂಗಸು, ಮಂಡಿನೋವು ಹೊತ್ತುಕೊಂಡೇ ಮೆಟ್ಟಿಲು ಹತ್ತಿದ್ದರು. ಕೈಯಲ್ಲೊಂದು ಒಡವೆಯ ಕರಡಿಗೆ.

"ಎಲ್ಲಿ ಹುಡುಗಿ? ಸಿಂಗಾರ ಮಾಡುವ ಅಂತ ಬಂದೆ."

"ಅವಳು ಕಾನ್ವೆಂಟಿಗೆ ಹೋಗುವುದಲ್ವಾ ಅಮ್ಮ, ಮದುವೆ ಅಲ್ಲ."

"ಗೊತ್ತುಂಟು ಬಾಯಮ್ಮ. ನಮ್ಮಲ್ಲಿ ದೀಕ್ಷೆಗೆ ಹೋಗುವವರನ್ನು ಮದುಮಗಳ ಹಾಗೆ ಮಾಡಿಯೇ ಕಳಿಸುವುದು. ಎಲ್ಲ ಹಾಕಿ, ನಾಲ್ಕು ಜನ ನೋಡಿ, ಮತ್ತೆ ಹಾಕಿಕೊಂಡವರೇ ತೆಗೆದು ಕೊಡಬೇಕು. ಹಾಕದ್ದನ್ನು ಬಿಟ್ಟೆ ಅಂದರೆ ಆಯ್ತಾ?"

ನಮ್ಮಲ್ಲಿ ಆ ಕ್ರಮ ಇಲ್ಲ ಎಂದು ಹೇಳಲು ಬಾಯಿ ತೆರೆದ ಗ್ರೆಟ್ಟಾ ಅಲ್ಲೇ ತಡೆದಳು. ಹುಡುಗಿ ಇಪ್ಪತ್ತಾರರ ಪ್ರಾಯದವಳು. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡರೆ ಮನಸ್ಸು ತಿರುಗಿದರೂ ತಿರುಗೀತು! ಮುದುಕಿಯ ಒಳ್ಳೆಯತನವನ್ನು ಹೀಗೆ ಬಳಸಿಕೊಳ್ಳುವುದಕ್ಕೆ ನಾಚಿಕೆಯೂ ಆಯಿತು. ನಾಚುತ್ತಲೇ ಹೋಗಿ ಕಪಾಟು ತೆಗೆದಳು.

ತನ್ನ ಮದುವೆಯ ಕೆಂಪು ಸೀರೆ ಉಡಿಸಿದಳು. ಅನಂತಮತಿಯಮ್ಮನ ಸರ, ಓಲೆ. ಮತ್ತೆ ವೆನಿಷಾ ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಕುವೈತಿನ ದುಡ್ಡಿನಲ್ಲಿ ಮಾಡಿಸಿಟ್ಟಿದ್ದ ಬಳೆ. ಆಗಿನ ಅಳತೆ, ಬಲಗೈಯದು ಒತ್ತಿ ಒತ್ತಿ ಏರಿಸಬೇಕಾಯಿತು.

ವೆನಿಷಾ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು.

"ಚಂದ ಕಾಣ್ತೇನಾ ಮಮ್ಮಿ?"

"ಮತ್ತೆಂತ!"

"ಹಾಗಾದರೆ ಒಂದು ಫೋಟೊ ತೆಗಿ. ಡ್ಯಾಡಿಗೆ ಕಳಿಸುವ."

ಫೋಟೊ ತೆಗೆದದ್ದಾಯಿತು. ವೆನಿಷಾ ಸರ, ಓಲೆ ಬಿಚ್ಚಿ ಕರಡಿಗೆಯಲ್ಲಿಟ್ಟಳು, ಎಡಗೈಯ ಬಳೆಯನ್ನೂ ತೆಗೆದಳು. ಆಗ ಅನಂತಮತಿಯಮ್ಮ ಆ ಎಳೆಯ ಹುಡುಗಿಗೆ ಎರಡೂ ಕೈ ಜೋಡಿಸಿ ತಲೆಬಾಗಿದರು. ಕರಡಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಗ್ರೆಟ್ಟಾ ಮಗಳತ್ತ ತಿರುಗಿದಳು. ತಾನು ಮೀಯಿಸಿ, ಉಣಿಸಿ, ಬೈದು ಬೆಳೆಸಿದ ಹುಡುಗಿಗೆ ಹಿರಿಯರು ಕೈಮುಗಿಯುತ್ತಾರೆಂದರೆ ಅವಳು ಇನ್ನು ಯಾರ ಮಗಳು?

"ಮಮ್ಮಿ, ಇದು ಬರುವುದಿಲ್ಲ."

ಬಲಗೈಯ ಬಳೆ ಗೆಣ್ಣಿನಲ್ಲಿ ಸಿಕ್ಕಿಬಿದ್ದಿತ್ತು. ಎಳೆದೆಳೆದು ಸೋತ ವೆನಿಷಾ ಮಂಚದ ಮೇಲೆ ಕುಸಿದಳು. "ನನಗೂ ಹೆದರಿಕೆ ಆಗ್ತದೆ ಮಮ್ಮಿ. ನೀನು ಒಮ್ಮೆ ಬೇಡ ಅಂತ ಹೇಳು. ನಾನು ನಿಲ್ತೇನೆ."

ಇಷ್ಟು ದಿನ ಗ್ರೆಟ್ಟಾ ಹಂಬಲಿಸಿದ್ದು ಇದೇ ಮಾತಿಗೆ. ಈಗ ಕೈಗೆ ಬಂದಾಗ ಹಿಡಿದುಕೊಳ್ಳಲು ಬರಲಿಲ್ಲ.

"ಅಲ್ಲಿ ನಿನಗೆ ಖುಷಿ ಉಂಟಾ?"

"ಗೊತ್ತಿಲ್ಲ. ಅಲ್ಲಿರುವಾಗ ಈ ಪ್ರಶ್ನೆ ಬರುವುದಿಲ್ಲ. ಯಾರನ್ನಾದರೂ ಮಗ್ಗುಲು ಬದಲಿಸಬೇಕು, ಯಾರಿಗೋ ಗಂಜಿ ಕುಡಿಸಬೇಕು. ಇಲ್ಲಿ ಬಂದು ಕೂತರೆ ಮಾತ್ರ ಎಲ್ಲ ಗೊಂದಲ."

ಬೇಡ ಎನ್ನಬೇಕು, ಒಂದೇ ಮಾತು. ಗ್ರೆಟ್ಟಾ ಎದ್ದು ನಿಂತಳು. "ಬಾ, ಬೇಸಿನ್ ಹತ್ತಿರ" ಎಂದಳು.

ಸೋಪು ಹಚ್ಚಿದಳು. ಆಶ್ರಮದಲ್ಲಿ ಔಷಧಿಯ ನೀರಿನಲ್ಲಿ ತೊಳೆದು ತೊಳೆದು ಮಗಳ ಅಂಗೈ ತನ್ನದಕ್ಕಿಂತ ಒರಟಾಗಿತ್ತು. "ಹೆಬ್ಬೆರಳು ಒಳಗೆ ಮಡಚು" ಎಂದು ಎಳೆದಳು. ಬರಲಿ ಎಂದೂ ಬಾರದಿರಲಿ ಎಂದೂ ಒಂದೇ ಉಸಿರಿನಲ್ಲಿ ಬೇಡುತ್ತಾ ಎಳೆದಳು. ಬಳೆ ಜಾರಿ ಬೇಸಿನ್ನಿನೊಳಗೆ ಠಣ್ಣೆಂದು ಬಿತ್ತು. ತಾಯಿ ಮಗಳು ಇಬ್ಬರೂ ಅತ್ತರು, ನೀರಿನ ನಳ್ಳಿ ಸುರಿಯುತ್ತಲೇ ಇತ್ತು.

ಆ ಸಂಜೆ ತೇರ್ಸಿನ ಕೊನೆಗೆ ಆ ಪ್ರಾರ್ಥನೆ ಬಂತು. 'ನಮ್ಮ ಕುಟುಂಬಗಳಿಂದ' ಎಂಬಲ್ಲಿ ಗ್ರೆಟ್ಟಾಳ ಸ್ವರ ನಿಂತಿತು. ವೆನಿಷಾ ಕೆಂಪಗೆ ಊದಿದ ಕೈಯಿಂದ ತಾಯಿಯ ಕೈ ಹಿಡಿದಳು, ಆದರೆ ಮುಂದಿನದನ್ನು ತಾನು ಹೇಳಲಿಲ್ಲ, ಕಾದಳು. ಉಳಿದದ್ದನ್ನು ಗ್ರೆಟ್ಟಾಳೇ ಹೇಳಿ ಮುಗಿಸಿದಳು, ಆಚೆ ಮನೆಗೆ ಕೇಳದಷ್ಟು ಮೆಲ್ಲಗೆ.