ಮದರಂಗಿ ದಿನದ ರೋಲು

ರಾಜೇಶ ತನ್ನ ಸ್ಟುಡಿಯೋದಲ್ಲಿ ಫೋಟೋಗ್ರಫಿ ಕ್ಲಾಸು ಶುರುಮಾಡಿದ್ದು ಎರಡು ಸಾವಿರದ ಮೂರರಲ್ಲಿ. ಕೊಪ್ಪದಿಂದ ಬಾಳಗಡಿಗೆ ಹೋಗುವ ರಸ್ತೆಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಸ್ಟುಡಿಯೋ. ಭಾನುವಾರಗಳಂದು ಮಾತ್ರ ಪಾಠ. 'ಪ್ರಾಕ್ಟಿಕಲ್ ಸಹಿತ' ಎಂದು ಬೋರ್ಡಿನಲ್ಲಿ ದಪ್ಪಗೆ ಬರೆಸಿದ್ದ. ಅದನ್ನು ನೋಡಿ ಸೇರಿದ್ದ ಕಾಲೇಜು ಹುಡುಗರು, ಕ್ಯಾಮೆರಾ ಕೈಗೆ ಬರುವ ಮೊದಲು ಬೆಳಕಿನ ಬಗ್ಗೆ ಪಾಠ ಕೇಳಬೇಕು ಎಂದು ಗೊತ್ತಾದ ಕೂಡಲೇ ನಾಪತ್ತೆಯಾದರು. ಉಳಿದವರು ನಾನು ಮತ್ತು ಇಶ್ರತ್.

ನಾನು ಹೊಲಿಗೆ ಟೀಚರ್, ನಯನ. ಕಾಜ, ಗುಂಡಿ, ಕುತ್ತಿಗೆ ಪಟ್ಟಿ ಎಂದು ವರ್ಷಗಟ್ಟಲೆ ಇನ್ನೊಬ್ಬರಿಗೆ ಕಲಿಸಿ ತಲೆ ಚಿಟ್ಟು ಹಿಡಿದಿತ್ತು. ನಾನೇ ಒಂದು ಬೆಂಚಿನ ಮೇಲೆ ಕೂತು ಏನಾದರೂ ಕಲಿಯಬೇಕು ಅನಿಸಿತ್ತು, ಅಷ್ಟೇ. ಅದು ಫೋಟೋಗ್ರಫಿಯ ಬದಲು ಹಾರ್ಮೋನಿಯಂ ಆಗಿದ್ದರೂ ಸೇರುತ್ತಿದ್ದೆ.

ಇಶ್ರತ್ ಹಾಗಲ್ಲ. ಅವಳು ಲೆಕ್ಕ ಹಾಕಿಯೇ ಬಂದಿದ್ದಳು. ಬಸ್ ಸ್ಟ್ಯಾಂಡ್ ಎದುರಿನ ಚಪ್ಪಲಿ ಅಂಗಡಿಯ ಗುಲಾಮ್ ಹುಸೇನರ ಮಗಳು, ನನ್ನ ಹತ್ತಿರ ಹೊಲಿಗೆ ಕಲಿತವಳು. ಅವರ ಮನೆಗಳಲ್ಲಿ ಮದುವೆಗೆ ಮುಂಚೆ ಮದರಂಗಿ ಹಚ್ಚುವ ದಿನ ಹೆಂಗಸರದ್ದೇ ದರ್ಬಾರು. ಹಾಡು, ಕುಣಿತ, ತಮಾಷೆ ಎಲ್ಲ ಇರುತ್ತದೆ. ಆ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ, ಆದ್ದರಿಂದ ಫೋಟೋ ಇಲ್ಲ. ಫೋಟೋ ತೆಗೆಯುವ ಹುಡುಗಿಯೊಬ್ಬಳು ಇದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಲ್ಲ ಮನೆಗಳೂ ಅವಳನ್ನೇ ಕರೆಯುತ್ತವೆ ಎಂಬುದು ಅವಳ ಲೆಕ್ಕ. ಗುಲಾಮ್ ಹುಸೇನರು ಬಹಳ ದಿನ ಯೋಚನೆ ಮಾಡಿ ಒಪ್ಪಿದ್ದರು. ಒಂದೇ ಷರತ್ತು. ಒಳಕೋಣೆಯ ಫೋಟೋ ಹೊರಗಿನ ಯಾವ ಗಂಡಸಿನ ಕಣ್ಣಿಗೂ ಬೀಳಬಾರದು.

ನಮ್ಮ ಪ್ರಾಕ್ಟಿಕಲ್ ಎಂದರೆ ಹೀಗಿತ್ತು. ಪಾಸ್‌ಪೋರ್ಟ್ ಫೋಟೋಗಳನ್ನು ರಾಜೇಶ ಇನ್ನೂ ಕಪ್ಪುಬಿಳುಪಿನಲ್ಲೇ ತೆಗೆದು, ಹಿಂದಿನ ಡಾರ್ಕ್‌ರೂಮಿನಲ್ಲಿ ತಾನೇ ತೊಳೆಯುತ್ತಿದ್ದ. ಅದನ್ನು ನಮಗೂ ಕಲಿಸಿದ. ಕತ್ತಲೆಯಲ್ಲಿ ರೀಲನ್ನು ಡಬ್ಬಕ್ಕೆ ಸುತ್ತುವುದು, ಫಿಲ್ಮ್ ತೊಳೆಯುವ ಮದ್ದು ಹಾಕಿ ಅಲ್ಲಾಡಿಸುವುದು, ಕೆಂಪು ದೀಪದಡಿ ಕಾಗದದ ಮೇಲೆ ಮೂಗು, ಕಿವಿ ನಿಧಾನವಾಗಿ ಮೂಡುವುದನ್ನು ಕಾಯುವುದು. ಇಶ್ರತ್‌ಳ ಬೆರಳು ಚುರುಕು. ನಾನು ಎರಡು ರೀಲು ಹಾಳುಮಾಡಿದೆ. ಒಂದು ಭಾನುವಾರ ಶೃಂಗೇರಿಗೆ ಕರೆದುಕೊಂಡು ಹೋಗಿ ಹೊಳೆಯ ಮೀನುಗಳ ಫೋಟೋ ತೆಗೆಸಿದ. ಅದು ಕಲರ್ ರೀಲು. ಕಲರ್ ಮಾತ್ರ ಇಲ್ಲಿ ತೊಳೆಯಲು ಆಗುವುದಿಲ್ಲ, ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶಿವಮೊಗ್ಗದ ಲ್ಯಾಬಿಗೆ ಹೋಗಿ ಮರುದಿನ ಫೋಟೋ ಆಗಿ ವಾಪಸ್ ಬರುತ್ತದೆ. ಈ ಮಾತನ್ನು ರಾಜೇಶ ಮೊದಲ ದಿನವೇ ಹೇಳಿದ್ದ. ನಾನು ಕೇಳಿದ್ದೆ, ಇಶ್ರತ್ ಬರೆದುಕೊಂಡಿದ್ದಳು, ಮನೆಯಲ್ಲಿ ಗುಲಾಮ್ ಹುಸೇನರಿಗೂ ಹೇಳಿದ್ದಳು. ಲ್ಯಾಬಿನಲ್ಲಿ ಯಾರಿರುತ್ತಾರೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ಕೆಲಸ ನರಸಿಂಹರಾಜಪುರದಲ್ಲಿ. ಇಶ್ರತ್‌ಳ ಸೋದರತ್ತೆಯ ಮಗಳು ಜಹೀರಾಳ ಮದುವೆ. ರಾಜೇಶ ತನ್ನ ಹಳೆಯ ಕ್ಯಾಮೆರಾ ಕೊಟ್ಟ. ಫ್ಲಾಶ್ ಹಿಡಿಯಲು ಒಬ್ಬರು ಬೇಕಲ್ಲ ಎಂದು ನಾನು ಜೊತೆಗೆ ಹೋದೆ. ಹೆಂಗಸಾಗಿದ್ದರಿಂದ ಆ ಕೋಣೆಗೆ ನನಗೂ ಪ್ರವೇಶ ಸಿಕ್ಕಿತು. ಇಶ್ರತ್ ಜಹೀರಾಳ ಅಂಗೈ, ಹಾಡುವವರು, ನಗುವವರು, ಲಾಡು ಕದಿಯುವವರು ಎಲ್ಲವನ್ನೂ ತೆಗೆದಳು.

ರೀಲು ಮುಗಿಯುವ ಹೊತ್ತಿಗೆ ದಾದಿ ಎದ್ದು ಒಳಗೆ ಹೋದರು. ದಾದಿ ಎಂದರೆ ಗುಲಾಮ್ ಹುಸೇನರ ತಾಯಿ, ಇಶ್ರತ್‌ಗೂ ಜಹೀರಾಗೂ ಅಜ್ಜಿ. ಗಂಡ ತೀರಿಕೊಂಡ ಮೇಲೆ ಬಿಳಿ ದುಪಟ್ಟಾ ಬಿಟ್ಟು ಬೇರೆ ಹೊದ್ದವರಲ್ಲ, ಜೀವಮಾನದಲ್ಲಿ ಒಂದು ಫೋಟೋ ತೆಗೆಸಿಕೊಂಡವರೂ ಅಲ್ಲ. ಹೊರಗೆ ಬಂದಾಗ ಗಿಳಿಹಸಿರು ಬಣ್ಣದ ಒಂದು ದುಪಟ್ಟಾ ಹೊದ್ದಿದ್ದರು. ಮಡಿಕೆಯ ಗೆರೆಗಳು ಹಾಗೇ ಇದ್ದವು. ಹುಡುಗಿಯರೆಲ್ಲ ಹೋ ಎಂದು ಕೂಗಿದರು.

ಅವರ ಮನೆಮಾತು ಉರ್ದು. ನನಗೂ ತಿಳಿಯಲಿ ಎಂದು ದಾದಿ ಕನ್ನಡದಲ್ಲೇ ಹೇಳಿದರು. "ಇದು ನನ್ನ ಮಗ ತಂದಿದ್ದು ಕಣಮ್ಮ. ಅಂಗಡಿ ಹಾಕಿದ ಹೊಸತರಲ್ಲಿ. ಗಂಡ ಸತ್ತವಳಿಗೆ ಇಂಥ ಬಣ್ಣ ತರ್ತಾರೇನೋ, ಬುದ್ಧಿ ಇಲ್ವಾ ಅಂತ ಬೈದುಬಿಟ್ಟೆ. ಪಾಪ, ಮುಖ ಸಣ್ಣ ಮಾಡ್ಕೊಂಡು ಹೋದ. ಯಾರಿಗೋ ಕೊಟ್ಟೆ ಅಂತ ಹೇಳಿ ಪೆಟ್ಟಿಗೆ ತಳಕ್ಕೆ ಹಾಕಿಟ್ಟಿದ್ದೆ. ಇವತ್ತು ಇಲ್ಲಿ ಗಂಡಸರು ಯಾರೂ ಇಲ್ವಲ್ಲ, ತೆಗಿ ಒಂದು."

ಇಶ್ರತ್ ಕ್ಯಾಮೆರಾ ಎತ್ತಿದಳು. ದಾದಿ ಕೈ ಅಡ್ಡ ಹಿಡಿದರು. "ತಡಿ. ಹೊರಗಿನ ಗಂಡಸು ಒಬ್ಬನೂ ಇದನ್ನ ನೋಡ್ಬಾರ್ದು. ಮಾತು ಕೊಡು."

ಇಶ್ರತ್ ಅವರ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

"ನಿನ್ನ ಅಬ್ಬನಿಗೆ ಮಾತ್ರ ತೋರ್ಸು. ಈ ಬಣ್ಣ ನಂಗೆ ಒಪ್ಪುತ್ತಾ ಅಂತ ಕೇಳು." ಆಮೇಲೆ ಸೆರಗಿನಂತೆ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ನಮ್ಮ ಮೇಲೆ ಸಿಟ್ಟು ಬಂದವರ ಹಾಗೆ ನೆಟ್ಟಗೆ ಕೂತರು. ಯಾರೋ ಹಿಂದಿನಿಂದ ಮದುಮಗಳು ಯಾರು ಎಂದು ಕೇಳಿದರು. ದಾದಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟರು. ಫ್ಲಾಶ್ ಹೊಡೆಯಿತು. ಅದೇ ಕೊನೆಯ ಫೋಟೋ.

ಮರುದಿನ ರಾಜೇಶ ಕೈ ಚಾಚಿ "ಕೊಡು ಮಾರಾಯ್ತಿ, ಸಂಜೆ ಬಸ್ಸಿಗೆ ಕಳ್ಸಿಬಿಡ್ತೀನಿ" ಎಂದಾಗ ಇಶ್ರತ್ ರೀಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು.

"ಅಲ್ಲಿ ತೊಳೆಯೋರು ಯಾರು ಸರ್?"

"ಮಿಷನ್ ತೊಳೆಯುತ್ತೆ. ಹುಡುಗರು ಇರ್ತಾರೆ. ದಿನಕ್ಕೆ ಸಾವಿರ ಮುಖ ಬರುತ್ತೆ, ಅವ್ರೆಲ್ಲಿ ನೋಡ್ತಾರೆ?"

"ಬಣ್ಣ ಸರಿ ಬಂತಾ ಅಂತ ನೋಡಲ್ವಾ?"

ರಾಜೇಶ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ. ಇಷ್ಟು ದಿನ ಕಲಿತು ಕಲಿಸಿದ ಮೂರು ಜನರೂ ಎಂಥ ಪೆದ್ದರು ಅನ್ನುವುದು ಒಟ್ಟಿಗೇ ಅರಿವಾಗಿತ್ತು.

ಗುಲಾಮ್ ಹುಸೇನರು ವಿಷಯ ಕೇಳಿ ಲ್ಯಾಬಿನ ಮಾತೇ ಎತ್ತಬೇಡ ಎಂದರು. ರೀಲು ಕೆಡದಿರಲಿ ಎಂದು ಅವರ ಮನೆಯ ಫ್ರಿಡ್ಜಿನಲ್ಲಿ, ಒಂದು ಸ್ಟೀಲ್ ಡಬ್ಬದೊಳಗೆ ಕೂತಿತು. ನರಸಿಂಹರಾಜಪುರದವರು ಕೇಳಿ ಕೇಳಿ ಸುಮ್ಮನಾದರು. ದಾದಿ ಮಾತ್ರ ಬೇಸರಪಟ್ಟುಕೊಳ್ಳಲಿಲ್ಲವಂತೆ. "ಇರ್ಲಿ ಬಿಡು, ಮುಖ ಬೇಕಾದ್ರೆ ನಾನೇ ಇದ್ದೀನಲ್ಲ" ಎಂದಿದ್ದರಂತೆ.

ಆ ಮಳೆಗಾಲದಲ್ಲಿ ದಾದಿ ತೀರಿಕೊಂಡರು. ಜ್ವರ ಬಂತು, ಹೋಗಲಿಲ್ಲ. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಗುಲಾಮ್ ಹುಸೇನರು ಮಗಳ ಜೊತೆ ನನ್ನ ಹೊಲಿಗೆ ಕ್ಲಾಸಿಗೆ ಬಂದರು. ಹೆಣ್ಣುಮಕ್ಕಳೆಲ್ಲ ಮನೆಗೆ ಹೋಗಿದ್ದರು. ಅವರು ಕುರ್ಚಿಯ ತುದಿಯಲ್ಲಿ ಕೂತು ನನ್ನ ಕತ್ತರಿಯನ್ನೇ ನೋಡುತ್ತಾ ಮಾತಾಡಿದರು.

"ಟೀಚರೇ, ನೀವೊಂದು ಮಾತು ಹೇಳಿ ಇವಳಿಗೆ. ಅಮ್ಮಿದು ಒಂದು ಫೋಟೋ ಇಲ್ಲ ನಮ್ಮಲ್ಲಿ. ಆ ರೋಲಲ್ಲಿ ಇದೆಯಂತೆ. ಲ್ಯಾಬಿಗೆ ಕೊಟ್ಟುಬಿಡು ಅಂದ್ರೆ ಆಗಲ್ಲ ಅಂತಾಳೆ."

ನನಗೆ ಸಿಟ್ಟು ಬಂತು. "ಬೇಡ ಅಂದವ್ರು ನೀವೇ ಅಲ್ವಾ?"

"ಹೌದು, ನಾನೇ ಅಂದಿದ್ದು. ಈಗ ನಾನೇ ಕಳ್ಸು ಅಂತಿದ್ದೀನಿ. ಕಣ್ಣು ಮುಚ್ಚಿದ್ರೆ ಕೊನೆ ದಿನದ ಮುಖನೇ ಬರುತ್ತೆ ಟೀಚರೇ. ಚೆನ್ನಾಗಿದ್ದಾಗಿನ ಮುಖ ಬರೋದೇ ಇಲ್ಲ." ಅಷ್ಟು ಹೇಳಿ ಕರವಸ್ತ್ರ ಹುಡುಕಿದರು. ನನ್ನ ಸಿಟ್ಟು ಇಳಿದುಹೋಯಿತು.

"ನೀವು ಹಾಕಿದ ಷರತ್ತು ನೀವು ತೆಗೀಬಹುದು ಅಬ್ಬಾ," ಎಂದಳು ಇಶ್ರತ್. "ನಾನು ಮಾತು ಕೊಟ್ಟಿದ್ದು ದಾದಿಗೆ. ಅದನ್ನ ತೆಗೆಯೋಕೆ ಅವ್ರೇ ಇಲ್ವಲ್ಲ."

ಒಂದು ದಾರಿ ಇದೆ ಎಂದೂ ಅವಳೇ ಹೇಳಿದಳು. ಮೊದಲೇ ರಾಜೇಶನನ್ನು ಕೇಳಿಕೊಂಡು ಬಂದಿದ್ದಳು. ಕಲರ್ ರೀಲನ್ನು ಕಪ್ಪುಬಿಳುಪಿನ ಮದ್ದಿನಲ್ಲೇ ತೊಳೆಯಬಹುದು. ಮುಖ ಬರುತ್ತದೆ, ಮಸುಕಾಗಿ. ಆದರೆ ಬಣ್ಣ ಹೋದರೆ ಹೋಯಿತು, ಮತ್ತೆ ಯಾವ ಲ್ಯಾಬಿನವರು ಬಂದರೂ ಬರುವುದಿಲ್ಲ. ಜಹೀರಾಳಿಗೆ ಫೋನ್ ಮಾಡಿದ್ದಳು. ಮದುವೆ ದಿನದ ಕಲರ್ ಫೋಟೋ ಬೇರೆ ಇವೆ, ಇದು ಹೇಗಾದರೂ ಬರಲಿ ಎಂದಿದ್ದಳಂತೆ.

"ಬಣ್ಣ ಯಾರಿಗೆ ಬೇಕು, ಮುಖ ಬಂದ್ರೆ ಸಾಕು," ಎಂದು ಗುಲಾಮ್ ಹುಸೇನರು ಎದ್ದರು.

ಅವರು ಮೆಟ್ಟಿಲಿಳಿದು ಹೋಗುವವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದೆ. "ಬಣ್ಣ ತೋರ್ಸು ಅಂತಲೂ ಹೇಳಿದ್ರಲ್ಲೇ ನಿನ್ನ ದಾದಿ. ನಾನೇ ಇದ್ದೆ ಅಲ್ಲಿ."

"ಗೊತ್ತು ನಯನಕ್ಕ."

"ಅಬ್ಬನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವತ್ತೇ ಲ್ಯಾಬಿಗೆ ತಗೊಂಡು ಹೋಗ್ತಾರೆ." ಅವಳ ಕಣ್ಣು ತುಂಬಿತ್ತು. "ಎರಡೂ ನಡ್ಸೋಕೆ ಆಗಲ್ಲ ಅಕ್ಕ. ಮಾತು ಕೊಟ್ಟಿದ್ದು ಒಂದಕ್ಕೆ. ಇನ್ನೊಂದು ಬರೀ ಕೇಳಿದ್ದು."

ನಾನಾಗಿದ್ದರೆ ಲ್ಯಾಬಿಗೇ ಕೊಡುತ್ತಿದ್ದೆ. ಸತ್ತವರ ಆಸೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡು, ಶಿವಮೊಗ್ಗದ ಹುಡುಗನೊಬ್ಬ ಅರೆಕ್ಷಣ ನೋಡಿದರೆ ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದೆ. ಅದನ್ನು ಅವಳಿಗೂ ಹೇಳಿದೆ.

ಮೊದಲ ಪ್ರಯೋಗಕ್ಕೆ ನನ್ನ ಶೃಂಗೇರಿಯ ರೀಲು ಬಲಿಯಾಯಿತು. ಅದನ್ನು ನಾನು ಲ್ಯಾಬಿಗೆ ಕಳಿಸಿರಲೇ ಇಲ್ಲ. ಅದರಲ್ಲಿ ಇದ್ದದ್ದು ಬರೀ ಅಲ್ಲಾಡಿದ ಮೀನುಗಳು, ಬಣ್ಣ ಹೋದರೆ ನಷ್ಟವೇನಿರಲಿಲ್ಲ. ಕತ್ತಲೆಯಲ್ಲಿ ಅದನ್ನು ಅರ್ಧಕ್ಕೆ ಕತ್ತರಿಸಿದೆವು. ಮೊದಲರ್ಧ ತೀರಾ ತೆಳುವಾಗಿ ಬಂತು, ಮೀನೂ ಇಲ್ಲ, ನೀರೂ ಇಲ್ಲ. ಮಳೆಗಾಲದ ನೀರು ಕೊರೆಯುತ್ತಿದ್ದದ್ದರಿಂದ ಮದ್ದು ಕೆಲಸ ಮಾಡಿಲ್ಲ ಎಂದ ರಾಜೇಶ. ಎರಡನೆಯ ಅರ್ಧಕ್ಕೆ ನೀರು ಬೆಚ್ಚಗೆ ಮಾಡಿಕೊಂಡು, ಇನ್ನಷ್ಟು ಹೊತ್ತು ಬಿಟ್ಟೆವು. ಮೀನುಗಳು ಬಂದವು. ನನ್ನ ಫೋಟೋ ನೋಡಿ ನಾನು ಖುಷಿಪಟ್ಟದ್ದು ಅದೊಂದೇ ಸಲ.

ದಾದಿಯ ರೀಲು ತೊಳೆಯುವ ದಿನ ರಾಜೇಶ ಸ್ಟುಡಿಯೋದ ಬಾಗಿಲಿಗೆ ರಜ ಎಂದು ಚೀಟಿ ಅಂಟಿಸಿದ. ಡಾರ್ಕ್‌ರೂಮಿನೊಳಗೆ ನಾವಿಬ್ಬರೇ. ಅವನು ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, ಮುಚ್ಚಿದ ಬಾಗಿಲಿನಾಚೆಯಿಂದ ಪಾಠ ಮಾಡಿದ.

"ಮದ್ದು ಸುರಿದ್ರಾ? ಈಗ ಡಬ್ಬ ಅಲ್ಲಾಡ್ಸಿ. ಮೆಲ್ಲಗೆ ಮಾರಾಯ್ತಿ, ಮಜ್ಜಿಗೆ ಕಡಿಯೋದಲ್ಲ ಅದು."

ಇಶ್ರತ್ ಅಲ್ಲಾಡಿಸಿದಳು. ಸುರಿದಳು, ತೊಳೆದಳು, ಮತ್ತೊಂದು ಮದ್ದು ಹಾಕಿದಳು. ಮೊದಲೇ ಎರಡು ರೀಲು ಹಾಳುಮಾಡಿದ್ದವಳು, ನಾನು ಏನನ್ನೂ ಮುಟ್ಟಲಿಲ್ಲ. ಕೊನೆಗೆ ಡಬ್ಬ ತೆರೆದು ರೀಲನ್ನು ದೀಪಕ್ಕೆ ಹಿಡಿದಳು.

"ಹೆಂಗಿದೆ?" ಎಂದು ಹೊರಗಿನಿಂದ ಕೂಗಿದ ರಾಜೇಶ.

"ಎಲ್ಲ ಕಿತ್ತಳೆ ಕಂದು ಸರ್."

"ಅದು ಹಂಗೇ. ಮುಖ ಇದೆಯಾ?"

"ಇದೆ. ಕಪ್ಪಗಿದೆ."

"ನೆಗೆಟಿವ್ ಅಲ್ವಾ, ಕಪ್ಪಗಿದ್ರೆ ಸರಿಯಾಗಿದೆ." ಅವನು ಸ್ಟೂಲಿನಿಂದ ಎದ್ದದ್ದು, ಮತ್ತೆ ಕೂತದ್ದು ಎರಡೂ ಕೇಳಿಸಿತು.

ಕಾಗದದ ಮೇಲೆ ದಾದಿ ಮೂಡಲು ಬಹಳ ಹೊತ್ತು ಹಿಡಿಯಿತು. ಮೊದಲು ಕಣ್ಣು, ಆಮೇಲೆ ತೆರೆದ ಬಾಯಿ. ಕೆಂಪು ದೀಪದಡಿ ಇಶ್ರತ್ ಟ್ರೇ ಅಲ್ಲಾಡಿಸುತ್ತಾ ದಾದೀ, ದಾದೀ ಎಂದು ಮೆಲ್ಲಗೆ ಕರೆಯುತ್ತಿದ್ದಳು. ನನಗೆ ಅಳು ಬಂತು. ಅತ್ತುಬಿಟ್ಟೆ. ಆ ಕತ್ತಲೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಫೋಟೋ ಒಣಗುವ ಹೊತ್ತಿಗೆ ಗುಲಾಮ್ ಹುಸೇನರು ಬಂದರು. ಅದನ್ನು ಗೋಡೆಯ ಕಡೆ ಮುಖ ಮಾಡಿ ಕ್ಲಿಪ್ಪಿಗೆ ಸಿಕ್ಕಿಸಿದ್ದಳು ಇಶ್ರತ್. ರಾಜೇಶ ಯಾರೂ ಹೇಳದೆಯೇ ಚಹಾ ಕುಡಿದು ಬರುತ್ತೇನೆಂದು ಕೆಳಗಿಳಿದು ಹೋದ. ಅವಳು ಫೋಟೋ ತೆಗೆದು ಅಪ್ಪನ ಕೈಗೆ ಕೊಟ್ಟಳು.

ಅವರು ಕಿಟಕಿಯ ಬಳಿ ಹೋದರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ನಗ್ತಿದ್ದಾರೆ," ಎಂದರು.

ಆಮೇಲೆ ಫೋಟೋ ಹಿಡಿದೇ ತಿರುಗಿದರು. "ಇದು ಬಿಳಿ ದುಪಟ್ಟಾ ಅಲ್ಲ. ಬಿಳಿದಾದ್ರೆ ಬೆಳ್ಳಗೆ ಬರ್ಬೇಕಿತ್ತು. ಅಮ್ಮಿ ಬೇರೆ ಯಾವ್ದೂ ಹೊದೀತಿರ್ಲಿಲ್ವಲ್ಲ, ಎಂತ ಬಣ್ಣ ಇದು?"

ಇಶ್ರತ್ ನನ್ನ ಕಡೆ ನೋಡಿದಳು. ಇದನ್ನು ನಾನು ಹೇಳುವಂತಿರಲಿಲ್ಲ.

"ಗಿಳಿಹಸಿರು ಅಬ್ಬಾ. ಅಂಗಡಿ ಹಾಕಿದಾಗ ನೀವು ತಂದಿದ್ದಂತೆ."

"ಅದನ್ನ ಯಾರಿಗೋ ಕೊಟ್ಟೆ ಅಂದಿದ್ರು."

"ಕೊಟ್ಟಿರ್ಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟಿದ್ರು. ಅವತ್ತು ಹೊದ್ಕೊಂಡು, ನಿಮಗೆ ತೋರ್ಸು ಅಂದ್ರು. ಬಣ್ಣ ಒಪ್ಪುತ್ತಾ ಅಂತ ಕೇಳು ಅಂದ್ರು." ಅವಳು ಅಪ್ಪನ ತೋಳು ಹಿಡಿದಳು. "ಮೊದ್ಲೇ ಹೇಳಿದ್ರೆ ನೀವು ಲ್ಯಾಬಿಗೆ ಕೊಡ್ತಿದ್ರಿ. ಬಣ್ಣ ನಾನೇ ಕಳ್ದೆ ಅಬ್ಬಾ."

ಗುಲಾಮ್ ಹುಸೇನರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನು ಅಡ್ಡ ಬರುತ್ತಿರಲಿಲ್ಲ. ಅವರು ಮಗಳ ತಲೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಆ ಬೂದು ಬಣ್ಣದ ಫೋಟೋವನ್ನು ಬೆಳಕಿಗೆ ಹಿಡಿದರು. ಬಟ್ಟೆ ಅಂಗಡಿಯಲ್ಲಿ ಬಣ್ಣ ನೋಡುವವರ ಹಾಗೆ ಸ್ವಲ್ಪ ಹತ್ತಿರ, ಸ್ವಲ್ಪ ದೂರ ಹಿಡಿದು ನೋಡಿದರು.

ಆಮೇಲೆ ಫೋಟೋಗೇ ಉರ್ದುವಿನಲ್ಲಿ ಹೇಳಿದರು. ಒಪ್ಪುತ್ತೆ ಅಮ್ಮಿ, ಚೆನ್ನಾಗಿ ಒಪ್ಪುತ್ತೆ ಎಂದು. ಅಷ್ಟು ಉರ್ದು ನನಗೂ ಬರುತ್ತದೆ.